ಲೂಸಿಡ್ ಡ್ರೀಮಿಂಗ್, ಆಸ್ಟ್ರಲ್ ಪ್ರೊಜೆಕ್ಷನ್ ನಿಜಾನಾ? ನಿಜ ಆದರೆ ಮಾಡುವುದು ತಪ್ಪಾ?

ಅರೆನಿದ್ರೆ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಇದರ ಬಗ್ಗೆ ಮಾತೆತ್ತಿದರೆ ಜಗಳ ಆಗುತ್ತದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಆರು ತಿಂಗಳಿಂದ ನನಗೆ ಲೂಸಿಡ್ ಡ್ರೀಮ್ ಬೀಳುತ್ತಿದೆ. ಅಂದರೆ ಕನಸಿನ ಒಳಗಿದ್ದಾಗಲೇ ‘ಇದು ಕನಸು’ ಅಂತ ಗೊತ್ತಾಗುತ್ತದೆ. ತಾನಾಗಿ ಬಂದದ್ದಲ್ಲ, ಕಲಿತದ್ದು. ಹಗಲು ಹೊತ್ತು ಆಗಾಗ ಕೈಬೆರಳು ಎಣಿಸುವ ಅಭ್ಯಾಸ ಮಾಡಿಕೊಂಡೆ. ಒಂದು ರಾತ್ರಿ ಕನಸಿನಲ್ಲೂ ಎಣಿಸಿದೆ, ಒಂದೇ ಕೈಯಲ್ಲಿ ಏಳು ಬೆರಳು. ಗೊತ್ತಾಗಿಹೋಯಿತು.

ಮೊದಮೊದಲು ಸುಮ್ನೆ ಹಾರಾಡಿದೆ. ಆಮೇಲೆ ಅಪ್ಪನನ್ನು ಕರೆದೆ. ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು. ‘ಈ ಬಾಗಿಲಿನ ಆಚೆ ಅಪ್ಪ ಇದ್ದಾರೆ’ ಅಂದುಕೊಂಡು ಬಾಗಿಲು ತೆಗೆದೆ, ಇದ್ದರು. ತಮ್ಮ ಹಳೇ ಕೈಗಡಿಯಾರಕ್ಕೆ ಕೀ ಕೊಡುತ್ತಾ ನಿಂತಿದ್ದರು. ಕೊನೆಯ ಒಂದು ವರ್ಷ ನಮ್ಮಿಬ್ಬರಿಗೂ ಸರಿಯಾಗಿ ಮಾತಿರಲಿಲ್ಲ. ‘ನಿನ್ನ ಮೇಲೆ ಕೋಪ ಇಲ್ಲ ಮಗಾ’ ಅಂತ ಹೇಳಲಿ ಅಂತ ಮನಸ್ಸಿನಲ್ಲೇ ಬಯಸಿದೆ. ಹೇಳಿದರು. ಅಳುತ್ತಾ ಎದ್ದೆ. ಈಗ ವಾರಕ್ಕೆ ಮೂರು ನಾಲ್ಕು ಸಲ ಕರೆಯುತ್ತೇನೆ, ಪ್ರತಿ ಸಲ ಅದೇ ಮಾತು ಹೇಳಿಸಿಕೊಳ್ಳುತ್ತೇನೆ.

ಅಣ್ಣನಿಗೆ ಹೇಳಿದೆ. ಅವನು ಹೆದರಿಬಿಟ್ಟ. ಇದು ಕನಸಲ್ಲ, ಆಸ್ಟ್ರಲ್ ಪ್ರೊಜೆಕ್ಷನ್, ಶರೀರ ಬಿಟ್ಟು ಹೋಗಿ ಸತ್ತವರನ್ನು ಎಳೆದು ತರುತ್ತಿದ್ದೀಯ, ಒಂದು ದಿನ ದಾರಿ ತಪ್ಪಿದರೆ ವಾಪಸ್ ಬರುವುದಿಲ್ಲ ಅಂತಾನೆ. ನನಗೆ ಮೂರು ವಿಷಯ ಗೊತ್ತಾಗಬೇಕು. ಇದು ನಿಜವಾ, ಎರಡೂ ಒಂದೇನಾ, ನಾನು ಮಾಡುತ್ತಿರುವುದು ತಪ್ಪಾ.

ರಾತ್ರಿಪಾಳಿ:
ಅಪ್ಪನ ವಿಷಯ ಓದಿ ಸಂಕಟ ಆಯಿತು. ರಾತ್ರಿ ಡ್ಯೂಟಿ ಮುಗಿಸಿ ಬಂದು ವಿವರವಾಗಿ ಬರೆಯುತ್ತೇನೆ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: ವಾಪಸ್ ಬರದೇ ಇರುವ ಭಯ ಬೇಡ.

ಪುಸ್ತಕದಹುಳು:
ಮೊದಲ ಪ್ರಶ್ನೆಗೆ ಉತ್ತರ ಸುಲಭ. ಲೂಸಿಡ್ ಡ್ರೀಮಿಂಗ್ ನಿಜ, ಅದನ್ನು ಲ್ಯಾಬಿನಲ್ಲಿ ತೋರಿಸಿಯಾಗಿದೆ. ಆ ಹೆಸರು ಬಳಕೆಗೆ ಬಂದದ್ದು ಫ್ರೆಡರಿಕ್ ವಾನ್ ಈಡನ್ ಅನ್ನುವ ಡಚ್ ಮನೋವೈದ್ಯರು 1913ರಲ್ಲಿ ಬರೆದ ಪ್ರಬಂಧದಿಂದ. ಆದರೆ ತುಂಬಾ ವರ್ಷ ವಿಜ್ಞಾನಿಗಳು ನಂಬಲಿಲ್ಲ. ಮಲಗಿದವನು ‘ನನಗೆ ಗೊತ್ತಿತ್ತು’ ಅಂತ ಎದ್ದ ಮೇಲೆ ಹೇಳಿದರೆ ಹೇಗೆ ನಂಬುವುದು ಅಂತ.

ಅದಕ್ಕೆ ಕೀತ್ ಹರ್ನ್ ಅನ್ನುವ ಸಂಶೋಧಕರು ಒಂದು ಉಪಾಯ ಕಂಡುಕೊಂಡರು. ಕನಸು ಜಾಸ್ತಿ ಬೀಳುವ ರೆಮ್ ನಿದ್ದೆಯಲ್ಲಿ ಕೈಕಾಲಿನ ಸ್ನಾಯುಗಳು ಪೂರ್ತಿ ಸಡಿಲ ಬಿಟ್ಟಿರುತ್ತವೆ, ಆದರೆ ಕಣ್ಣುಗುಡ್ಡೆ ಚಲಿಸುತ್ತಿರುತ್ತದೆ. ಹಾಗಾದರೆ ಕಣ್ಣಿನಿಂದಲೇ ಸನ್ನೆ ಮಾಡಿಸಿದರೆ? 1975ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಅಲನ್ ವರ್ಸ್ಲಿ ಅನ್ನುವವರು ಕನಸಿನ ಒಳಗಿಂದ ಕಣ್ಣನ್ನು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಆಡಿಸಿದರು. ಮೊದಲೇ ಮಾತಾಡಿಕೊಂಡಿದ್ದ ಸನ್ನೆ ಅದು. ಯಂತ್ರದ ಕಾಗದದ ಮೇಲೆ ಆ ಏರಿಳಿತ ಬಂತು, ಮೆದುಳಿನ ಅಲೆ ನೋಡಿದರೆ ಮನುಷ್ಯ ರೆಮ್ ನಿದ್ದೆಯಲ್ಲೇ ಇದ್ದ. ಕೆಲವು ವರ್ಷದ ನಂತರ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಅನ್ನುವ ಸಂಶೋಧಕರು ಕೂಡ ಇದನ್ನೇ ಮಾಡಿ ತೋರಿಸಿದರು.

2021ರಲ್ಲಿ ಇನ್ನೂ ಮುಂದೆ ಹೋದರು. ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್‌ನ ಲ್ಯಾಬ್‌ಗಳು ಸೇರಿ 36 ಜನರ ಮೇಲೆ ಪ್ರಯೋಗ ಮಾಡಿದವು. ನಿದ್ದೆಯಲ್ಲಿ ಇದ್ದವನಿಗೆ ‘ಎಂಟರಲ್ಲಿ ಆರು ಕಳೆದರೆ ಎಷ್ಟು’ ಅಂತ ಕೇಳಿದರು. ಅವನು ಕನಸಿನಲ್ಲೇ ಕೇಳಿಸಿಕೊಂಡು ಕಣ್ಣನ್ನು ಎರಡು ಸಲ ಆಡಿಸಿದ.

ಮಾತಿಗೆಮಾತು:
ಎಲ್ಲ ಸರಿ, ಎಷ್ಟು ಸಲ ಸರಿ ಉತ್ತರ ಬಂತು ಅದನ್ನೂ ಹೇಳಿ. ನೂರಕ್ಕೆ ಹದಿನೆಂಟು ಚಿಲ್ಲರೆ. ಇದನ್ನು ಪುರಾವೆ ಅಂತ ಕರೆಯಬೇಕಾ?

ಪುಸ್ತಕದಹುಳು:
ಕರೆಯಬೇಕು. ಉಳಿದದ್ದೆಲ್ಲ ತಪ್ಪು ಉತ್ತರ ಅಂತ ತಿಳಿದುಕೊಂಡಿದ್ದೀರಿ, ಹಾಗಲ್ಲ. ನೂರಕ್ಕೆ ಅರವತ್ತು ಸಲ ಉತ್ತರವೇ ಬರಲಿಲ್ಲ, ಕೆಲವು ಸಲ ಸನ್ನೆ ಅಸ್ಪಷ್ಟ. ಖಚಿತವಾಗಿ ತಪ್ಪು ಅನ್ನಬಹುದಾದ ಉತ್ತರ ನೂರಕ್ಕೆ ಮೂರು ಅಷ್ಟೇ. ಸುಮ್ನೆ ಊಹೆ ಮಾಡುವವನಾಗಿದ್ದರೆ ತಪ್ಪೇ ಜಾಸ್ತಿ ಇರಬೇಕಿತ್ತು, ಅಲ್ವಾ?

ಮಾತಿಗೆಮಾತು:
ಹೌದು, ಆ ಲೆಕ್ಕ ನಾನು ನೋಡಿರಲಿಲ್ಲ. ಒಪ್ಪಿದೆ.

ಬೆಳಕಿನದಾರಿ:
ಇಷ್ಟೆಲ್ಲ ಹೇಳಿದಿರಿ, ಆಸ್ಟ್ರಲ್ ಪ್ರೊಜೆಕ್ಷನ್ ಬಗ್ಗೆ ಒಂದು ಮಾತೂ ಇಲ್ಲ. ನಾನು ಹತ್ತು ವರ್ಷದಿಂದ ಮಾಡುತ್ತಿದ್ದೇನೆ. ಇದು ಕನಸಲ್ಲ. ಕನಸಿನಲ್ಲಿ ಎಲ್ಲ ಕಲಸಿಕೊಂಡಿರುತ್ತದೆ, ಇಲ್ಲಿ ಹಾಗಿಲ್ಲ. ಮೈಯೆಲ್ಲ ಜುಮ್ ಅನ್ನುತ್ತದೆ, ಕಿವಿಯಲ್ಲಿ ದೊಡ್ಡ ಮೋಟರು ಓಡಿದ ಹಾಗೆ ಸದ್ದು, ಆಮೇಲೆ ಹಾಸಿಗೆಯಿಂದ ನಿಧಾನಕ್ಕೆ ಮೇಲೆ ಏಳುತ್ತೇನೆ. ಕೆಳಗೆ ನನ್ನದೇ ದೇಹ ಮಲಗಿರುವುದು ಕಾಣುತ್ತದೆ. ಕಂಬಳಿ ಹೊದ್ದ ರೀತಿ ಕೂಡ ಹಾಗೇ ಇರುತ್ತದೆ. 1929ರಲ್ಲೇ ಸಿಲ್ವನ್ ಮುಲ್ಡೂನ್ ಇದನ್ನೆಲ್ಲ ಬರೆದಿಟ್ಟಿದ್ದಾರೆ. ದೇಹಕ್ಕೂ ಸೂಕ್ಷ್ಮ ಶರೀರಕ್ಕೂ ನಡುವೆ ಬೆಳ್ಳಿಯ ದಾರದಂಥದ್ದು ಇರುತ್ತದೆ ಅಂತ. ಎಲ್ಲರೂ ಒಂದೇ ರೀತಿ ಹೇಳುತ್ತಾರೆ ಅಂದರೆ ಏನೋ ಇರಲೇಬೇಕು. ಹಾಗಂತ ನಿಮ್ಮ ಅಣ್ಣ ಹೇಳುವ ಭಯವೂ ಸರಿಯಲ್ಲ. ದಾರ ಕಡಿಯುವುದಿಲ್ಲ, ಸ್ವಲ್ಪ ಸದ್ದಾದರೂ ಎಳೆದು ವಾಪಸ್ ತಂದುಬಿಡುತ್ತದೆ.

ಮೌನಿ:
ಬೆಳಕಿನದಾರಿ ಅವರೇ, ನೀವು ಹೇಳಿದ್ದೆಲ್ಲ ನನಗೂ ಆಗಿದೆ. ಜುಮ್ ಅನ್ನುವುದು, ಮೋಟರಿನ ಸದ್ದು, ಮೇಲೆ ಏಳುವುದು ಎಲ್ಲ. ಎರಡು ವರ್ಷ ನಾನೂ ಇದನ್ನು ಕಣ್ಣುಮುಚ್ಚಿ ನಂಬಿದ್ದೆ. ಆಮೇಲೆ ಪರೀಕ್ಷೆ ಮಾಡೋಣ ಅನ್ನಿಸಿತು.

ಒಂದು ಕಟ್ಟು ಇಸ್ಪೀಟು ಎಲೆ ಕಲಸಿ, ನೋಡದೇ ಒಂದು ಎಲೆ ತೆಗೆದು, ಬೀರುವಿನ ಮೇಲೆ ಮುಖ ಮೇಲಾಗಿ ಇಟ್ಟುಕೊಡು ಅಂತ ನನ್ನ ಹೆಂಡತಿಗೆ ಹೇಳಿದೆ. ಅವಳೂ ನೋಡಲಿಲ್ಲ. ಒಂಬತ್ತನೇ ರಾತ್ರಿ ಹೊರಗೆ ಬಂದೆ. ನೇರ ಬೀರುವಿನ ಮೇಲಕ್ಕೆ ಹೋದೆ. ಎಲೆ ಕಂಡಿತು. ಆಟಿನ್ ಏಳು. ಏಳು ಕೆಂಪು ಗುರುತನ್ನು ಒಂದೊಂದಾಗಿ ಎಣಿಸಿದೆ, ಅಷ್ಟು ಸ್ಪಷ್ಟ. ಎದ್ದವನೇ ಚೀಟಿಯಲ್ಲಿ ಬರೆದೆ, ಸ್ಟೂಲ್ ಹಾಕಿ ಹತ್ತಿ ನೋಡಿದೆ. ಕಳಾವರ್ ನಾಲ್ಕು.

ಅದಕ್ಕಿಂತ ಜಾಸ್ತಿ ನನ್ನನ್ನು ತಟ್ಟಿದ್ದು ಬೇರೆ. ಬೀರುವಿನ ಮೇಲೆ ಬೆರಳು ಎಳೆದರೆ ಗೆರೆ ಬೀಳುವಷ್ಟು ಧೂಳಿತ್ತು, ಒಂದು ಮುರಿದ ಛತ್ರಿ ಇತ್ತು. ನಾನು ‘ನೋಡಿದ’ ಬೀರುವಿನ ಮೇಲೆ ಇವೆರಡೂ ಇರಲಿಲ್ಲ, ಒರೆಸಿಟ್ಟ ಹಾಗಿತ್ತು. ಯಾಕೆಂದರೆ ಬೀರುವಿನ ಮೇಲೆ ಹೇಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಆರು ಸಲ ಪ್ರಯತ್ನ ಪಟ್ಟೆ. ಒಂದು ಸಲವೂ ಸರಿಯಾಗಲಿಲ್ಲ. ಒಮ್ಮೆ ನಮ್ಮ ಫ್ಯಾನಿಗೆ ನಾಲ್ಕು ರೆಕ್ಕೆ ಕಂಡವು. ಇರುವುದು ಮೂರು.

ಪುಸ್ತಕದಹುಳು:
ಮೌನಿ ಅವರಿಗೆ ಆದದ್ದೇ ಸೂಸನ್ ಬ್ಲ್ಯಾಕ್‌ಮೋರ್ ಅನ್ನುವ ಬ್ರಿಟಿಷ್ ಮನಶ್ಶಾಸ್ತ್ರಜ್ಞೆಗೂ ಆಯಿತು. 1970ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ವಿದ್ಯಾರ್ಥಿನಿ ಆಗಿದ್ದಾಗ ಆಕೆಗೆ ದೇಹದಿಂದ ಹೊರಬಂದ ಅನುಭವ ಆಯಿತು, ಮನೆಗಳ ಮಾಡಿನ ಮೇಲೆ ಹಾರಿದರು. ಮರುದಿನ ಹೋಗಿ ನೋಡಿದರೆ ಮಾಡು, ಹೊಗೆಗೂಡು ಯಾವುದೂ ತಾನು ಕಂಡ ಹಾಗಿರಲಿಲ್ಲ. ಆಕೆ ಅನುಭವವನ್ನು ತಳ್ಳಿಹಾಕಲಿಲ್ಲ. ಅದು ಏನು ಅಂತ ಹುಡುಕುವುದಕ್ಕೇ ವರ್ಷಗಟ್ಟಲೆ ಕೆಲಸ ಮಾಡಿದರು.

ಬೆಳಕಿನದಾರಿ:
ಹಾಗಾದರೆ ಅಮೆರಿಕದ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಟಾರ್ಟ್ ಅವರ ಪ್ರಯೋಗ? 1968ರಲ್ಲಿ ಪ್ರಕಟವಾಯಿತು. ಮಿಸ್ ಝೆಡ್ ಅಂತ ಹೆಸರು ಕೊಟ್ಟ ಹುಡುಗಿ ಲ್ಯಾಬಿನಲ್ಲಿ ಮಲಗಿದ್ದಳು. ಮೇಲಿನ ಶೆಲ್ಫಿನಲ್ಲಿ ಇಟ್ಟಿದ್ದ ಸಂಖ್ಯೆಯನ್ನು ನಾಲ್ಕನೇ ರಾತ್ರಿ ಸರಿಯಾಗಿ ಹೇಳಿದಳು. 25132. ಐದಕ್ಕೆ ಐದೂ ಸರಿ, ಅದೇ ಕ್ರಮದಲ್ಲಿ. ಒಬ್ಬರ ಎಲೆ ತಪ್ಪಾದರೆ ಎಲ್ಲರದ್ದೂ ಸುಳ್ಳಾಗುವುದಿಲ್ಲ.

ಪುಸ್ತಕದಹುಳು:
ಆ ಪ್ರಯೋಗ ನಾನೂ ಓದಿದ್ದೇನೆ, ಓದಬೇಕಾದದ್ದೇ. ಆದರೆ ಗೋಡೆ ಮೇಲಿದ್ದ ಗಡಿಯಾರದ ಹೊರಮೈಯಲ್ಲಿ ಆ ಸಂಖ್ಯೆಯ ಪ್ರತಿಬಿಂಬ ಕಂಡಿರುವ ಸಾಧ್ಯತೆಯನ್ನು ಟಾರ್ಟ್ ಅವರೇ ಬರೆದಿದ್ದಾರೆ. ಒಂದೇ ಒಂದು ಸಲ, ಇಂಥ ಸಂದು ಇರುವಾಗ, ಅದರ ಮೇಲೆ ಇಡೀ ಸೂಕ್ಷ್ಮಲೋಕ ಕಟ್ಟುವುದು ಹೇಗೆ?

ರಾತ್ರಿಪಾಳಿ:
ಬಂದೆ. ನಾನು ಐಸಿಯುನಲ್ಲಿ ನರ್ಸ್. ಹೃದಯ ನಿಂತು ಬದುಕಿ ಬಂದವರು ‘ಮೇಲಿನಿಂದ ನಿಮ್ಮನ್ನೆಲ್ಲ ನೋಡಿದೆ ಸಿಸ್ಟರ್’ ಅಂತ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಹಾಗೆ ಹೇಳುವಾಗ ಅವರ ಮುಖ ನೋಡಿದರೆ ಸುಳ್ಳು ಹೇಳುತ್ತಿದ್ದಾರೆ ಅನ್ನಲು ಬಾಯಿ ಬರುವುದಿಲ್ಲ. ಆದ್ದರಿಂದ ಈ ವಿಷಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವವಳಲ್ಲ. ಸ್ಯಾಮ್ ಪಾರ್ನಿಯಾ ಅನ್ನುವ ವೈದ್ಯರ ತಂಡ 15 ಆಸ್ಪತ್ರೆಗಳಲ್ಲಿ ಇದನ್ನೇ ಹುಡುಕಿತು, 2014ರಲ್ಲಿ ಫಲಿತಾಂಶ ಬಂತು. 2060 ಹೃದಯ ಸ್ತಂಭನಗಳು. ಮೇಲಿನಿಂದ ನೋಡಿದರೆ ಮಾತ್ರ ಕಾಣುವ ಹಾಗೆ ಶೆಲ್ಫುಗಳಲ್ಲಿ ಚಿತ್ರ ಇಟ್ಟಿದ್ದರು. ಆ ಚಿತ್ರ ನೋಡಿದೆ ಅಂತ ಹೇಳಿದವರು ಒಬ್ಬರೂ ಇಲ್ಲ. ಬದುಕಿ ಉಳಿದವರು ಕಡಿಮೆ, ಶೆಲ್ಫ್ ಇರುವ ಜಾಗದಲ್ಲಿ ಹೃದಯ ನಿಂತವರು ಇನ್ನೂ ಕಡಿಮೆ, ಅದೂ ನಿಜ.

ಜುಮ್ ಅನ್ನುವುದು, ಸದ್ದು, ಮೈ ಅಲ್ಲಾಡದೇ ಇರುವುದು ಇವೆಲ್ಲ ಸ್ಲೀಪ್ ಪ್ಯಾರಾಲಿಸಿಸ್‌ನ ಲಕ್ಷಣ. ಮೆದುಳು ಎದ್ದಿರುತ್ತದೆ, ಪುಸ್ತಕದಹುಳು ಹೇಳಿದ ಆ ಸ್ನಾಯುಗಳ ಸಡಿಲ ಇನ್ನೂ ಹೋಗಿರುವುದಿಲ್ಲ. ನೂರರಲ್ಲಿ ಏಳೆಂಟು ಜನಕ್ಕೆ ಜೀವನದಲ್ಲಿ ಒಮ್ಮೆಯಾದರೂ ಆಗುತ್ತದೆ. ಕೆಲವರಿಗೆ ಎದೆ ಮೇಲೆ ಯಾರೋ ಕೂತ ಹಾಗೆ, ಕೆಲವರಿಗೆ ತೇಲಿದ ಹಾಗೆ. ಪಾಳಿ ಬದಲಾಗಿ ನಿದ್ದೆ ಕೆಟ್ಟ ವಾರ ನನಗೂ ಆಗಿದೆ.

ಇನ್ನೊಂದು. 2002ರಲ್ಲಿ ಓಲಾಫ್ ಬ್ಲಾಂಕೆ ಅವರ ತಂಡ ಮೂರ್ಛೆರೋಗ ಇದ್ದ ಒಬ್ಬ ಮಹಿಳೆಯ ಮೆದುಳಿನ ಬಲಭಾಗದ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟಿತು. ಚಿಕಿತ್ಸೆಗಾಗಿ ಪರೀಕ್ಷೆ ಮಾಡುತ್ತಿದ್ದರು, ಇದನ್ನು ಹುಡುಕುತ್ತಿರಲಿಲ್ಲ. ಆಕೆ ‘ನಾನು ಮೇಲಿನಿಂದ ನನ್ನನ್ನೇ ನೋಡುತ್ತಿದ್ದೇನೆ’ ಅಂದರು. ಕಂಡದ್ದು ಕಾಲು ಮತ್ತು ಸೊಂಟದ ಭಾಗ ಮಾತ್ರ. ‘ನಾನು ಎಲ್ಲಿದ್ದೇನೆ’ ಅನ್ನುವುದನ್ನು ಮೆದುಳು ಪ್ರತಿ ಕ್ಷಣ ಲೆಕ್ಕ ಹಾಕುತ್ತಿರುತ್ತದೆ, ಆ ಲೆಕ್ಕ ತಪ್ಪಿದರೆ ಹೊರಗೆ ಬಂದ ಹಾಗೆ ಅನ್ನಿಸುತ್ತದೆ. ಅನುಭವ ಸುಳ್ಳಲ್ಲ. ಹೊರಗೆ ಹೋದದ್ದು ಮಾತ್ರ ತೋರಿಸಿಲ್ಲ.

ಕುತೂಹಲ:
ಮಧ್ಯೆ ಒಂದು ಸಣ್ಣ ಪ್ರಶ್ನೆ. ಕನಸಿನಲ್ಲಿ ಒಂದು ದಿನ ಕಳೆದ ಹಾಗೆ ಇರುತ್ತದೆ, ಎದ್ದರೆ ಐದು ನಿಮಿಷ ಆಗಿರುತ್ತದೆ. ಸಮಯ ಅಲ್ಲಿ ಬೇರೆ ಓಡುತ್ತದಾ?

ಪುಸ್ತಕದಹುಳು:
ಇಲ್ಲ. ಕನಸಿನಲ್ಲಿ ಹತ್ತರವರೆಗೆ ಎಣಿಸಿ, ಶುರುವಿಗೂ ಕೊನೆಗೂ ಕಣ್ಣಿನ ಸನ್ನೆ ಕೊಡಿ ಅಂತ ಲಬರ್ಜ್ ಮಾಡಿಸಿದರು. ಹೆಚ್ಚು ಕಡಿಮೆ ಎಚ್ಚರದಲ್ಲಿ ಎಣಿಸುವಷ್ಟೇ ಹೊತ್ತು. ಬಸ್ಕಿ ಹೊಡೆಯುವಂಥ ಕೆಲಸಕ್ಕೆ ಮಾತ್ರ ಎಚ್ಚರಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು ಅಂತ ಆಮೇಲಿನ ಜರ್ಮನ್ ಪ್ರಯೋಗದಲ್ಲಿ ಕಂಡಿತು. ಇಡೀ ದಿನ ಕಳೆದ ಹಾಗೆ ಅನ್ನಿಸುವುದು ಸಿನಿಮಾದಲ್ಲಿ ದೃಶ್ಯ ಹಾರಿದ ಹಾಗೆ.

ಕುತೂಹಲ:
ಓಹ್. ಥ್ಯಾಂಕ್ಸ್. ಚರ್ಚೆ ಮುಂದುವರಿಸಿ.

ಹಿರಿಯ:
ಅರೆನಿದ್ರೆ ಅವರೇ, ನಿಮ್ಮ ಅಣ್ಣನನ್ನು ಬೈಯಬೇಡಿ. ಆ ಭಯ ಇವತ್ತಿನದಲ್ಲ. ಮಲಗಿದವನನ್ನು ಥಟ್ಟನೆ ಎಬ್ಬಿಸಬೇಡಿ, ಅವನು ಸರಿಯಾಗಿ ಹಿಂತಿರುಗದಿದ್ದರೆ ಚಿಕಿತ್ಸೆ ಕಷ್ಟ ಅಂತ ಜನ ಹೇಳುತ್ತಾರೆ ಎಂದು ಬೃಹದಾರಣ್ಯಕ ಉಪನಿಷತ್ತಿನಲ್ಲೇ ಇದೆ. ಆದರೆ ಅದೇ ಜಾಗದಲ್ಲಿ, ಸ್ವಲ್ಪ ಮೊದಲು, ಇನ್ನೊಂದು ಮಾತಿದೆ. ಕನಸಿನಲ್ಲಿ ರಥ ಇಲ್ಲ, ಕುದುರೆ ಇಲ್ಲ, ದಾರಿ ಇಲ್ಲ, ಎಲ್ಲವನ್ನೂ ಕನಸು ಕಾಣುವವನೇ ಮಾಡಿಕೊಳ್ಳುತ್ತಾನೆ ಅಂತ. ನಿಮ್ಮ ಅಣ್ಣನಿಗೆ ಇದನ್ನು ಹೇಳಿ. ನೀವು ಯಾರನ್ನೂ ಎಳೆದು ತರುತ್ತಿಲ್ಲ. ಬಾಗಿಲು ನಿಮ್ಮದೇ, ಬಂದ ಅಪ್ಪನೂ ನಿಮ್ಮ ನೆನಪಿನವರೇ. ಇದರಲ್ಲಿ ಪಾಪ ಎಲ್ಲಿಂದ ಬಂತು?

ಸಮೀರಾ:
ನಾನು ಒಪ್ಪುವುದಿಲ್ಲ. ಕನಸಿನಲ್ಲಿ ಮಾಡಿದ್ದಕ್ಕೆ ಲೆಕ್ಕ ಇಲ್ಲ ಅನ್ನುವ ಮಾತು ಸಾಮಾನ್ಯ ಕನಸಿಗೆ ಸರಿ. ಬೌದ್ಧ ಭಿಕ್ಷುಗಳ ‘ವಿನಯ’ ಅನ್ನುವ ಶಿಸ್ತಿನ ನಿಯಮದಲ್ಲಿ ಬೇಕೆಂದೇ ವೀರ್ಯಸ್ಖಲನ ಮಾಡಿಕೊಂಡರೆ ದೊಡ್ಡ ತಪ್ಪು, ‘ಕನಸಿನ ಹೊರತು’ ಅಂತ ಬಿಡುವು ಕೊಟ್ಟಿದ್ದಾರೆ. ಕ್ರೈಸ್ತ ಸಂತ ಆಗಸ್ಟೀನ್ ಕೂಡ ಇದನ್ನು ಯೋಚಿಸಿದರು. ಎಚ್ಚರದಲ್ಲಿ ಒಪ್ಪದ್ದಕ್ಕೆ ನಿದ್ದೆಯಲ್ಲಿ ನಾನು ಯಾಕೆ ಒಪ್ಪುತ್ತೇನೆ, ಆಗ ನಾನು ನಾನಲ್ಲವಾ ಅಂತ ದೇವರನ್ನೇ ಕೇಳಿದರು. ಆಮೇಲೆ ಬಂದ ಕ್ರೈಸ್ತ ಚಿಂತಕ ಅಕ್ವಿನಾಸ್ ಮಾತ್ರ, ನಿದ್ದೆಯಲ್ಲಿ ಬುದ್ಧಿಗೆ ಸ್ವಾತಂತ್ರ್ಯ ಇಲ್ಲ, ಅದಕ್ಕೇ ಅದು ಪಾಪ ಅಲ್ಲ ಅಂದರು.

ಈಗ ನೋಡಿ, ಈ ಬಿಡುವು ನಿಂತಿರುವುದು ಯಾವುದರ ಮೇಲೆ? ಮಲಗಿದವನಿಗೆ ಅರಿವಿಲ್ಲ, ಆಯ್ಕೆ ಇಲ್ಲ ಅನ್ನುವುದರ ಮೇಲೆ. ಲೂಸಿಡ್ ಡ್ರೀಮಿನಲ್ಲಿ ಎರಡೂ ಇದೆ! ಗೊತ್ತಿದ್ದು, ಬೇಕೆಂದು ಮಾಡುತ್ತೀರಿ. ಆದ್ದರಿಂದ ಆ ಹಳೇ ಬಿಡುವು ಇಲ್ಲಿಗೆ ಪೂರ್ತಿ ಬರುವುದಿಲ್ಲ. ಅಲ್ಲಿ ಯಾರಿಗೂ ನೋವಾಗುವುದಿಲ್ಲ, ನಿಜ. ಮಾಡಿದವನು ಮಾತ್ರ ಏನಾಗುತ್ತಾನೆ?

ಮಾತಿಗೆಮಾತು:
ಇದು ತುಂಬಾ ದೂರ ಹೋಯಿತು ಸಮೀರಾ ಅವರೇ. ಹಗಲುಗನಸಿನಲ್ಲಿ ನಾವು ದಿನಾ ಏನೇನೋ ಮಾಡುತ್ತೇವೆ. ಅದಕ್ಕೂ ಶಿಕ್ಷೆ ಕೊಡೋಣವೇ?

ಸಮೀರಾ:
ಶಿಕ್ಷೆಯ ಮಾತು ನಾನು ಆಡಲಿಲ್ಲ. ಹಗಲುಗನಸು ಕೂಡ ಅಭ್ಯಾಸವಾದರೆ ಮನುಷ್ಯನನ್ನು ತಿದ್ದುತ್ತದೆ, ಕೆಡಿಸುತ್ತದೆ. ಕನಸಿನ ಅಭ್ಯಾಸವಂತೂ ಮೈಗೂ ಹತ್ತುತ್ತದೆ. ಲೂಸಿಡ್ ಡ್ರೀಮಿನಲ್ಲಿ ನಾಣ್ಯವನ್ನು ಲೋಟಕ್ಕೆ ಎಸೆಯುವುದನ್ನು ಅಭ್ಯಾಸ ಮಾಡಿದವರು ಬೆಳಿಗ್ಗೆ ನಿಜವಾಗಿಯೂ ಚೆನ್ನಾಗಿ ಎಸೆದರು ಅಂತ ಜರ್ಮನಿಯಲ್ಲೇ ಪ್ರಯೋಗ ಆಗಿದೆ. ಎಸೆಯುವುದು ಕಲಿಯಬಹುದಾದರೆ ಕ್ರೂರತನ ಕಲಿಯಲಾಗದಾ?

ಗಾಳಿಪಟ:
ನನ್ನದು ಹೇಳಲೇಬೇಕು. ನನ್ನನ್ನು ತುಂಬಾ ಹೀನಾಯವಾಗಿ ನಡೆಸಿಕೊಂಡ ಒಬ್ಬ ಮೇಲಧಿಕಾರಿ ಇದ್ದರು. ಲೂಸಿಡ್ ಡ್ರೀಮಿನಲ್ಲಿ ಅವರಿಗೆ ಹೊಡೆದೆ. ಒಂದು ಸಲ ಅಲ್ಲ, ಎಷ್ಟೋ ರಾತ್ರಿ. ಹಗುರ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಹಗಲು ಮನೆಯಲ್ಲಿ ಮಗ ಎದುರು ಮಾತಾಡಿದಾಗ ಕೈ ಎತ್ತಿದೆ. ಕೈ ಅರ್ಧದಲ್ಲಿ ನಿಂತಿತು. ಅದು ಕನಸಿನಲ್ಲಿ ಎತ್ತುತ್ತಿದ್ದ ರೀತಿಯೇ ಅಂತ ನನಗೆ ಮಾತ್ರ ಗೊತ್ತು. ಅವತ್ತಿಗೆ ಬಿಟ್ಟೆ. ಸಮೀರಾ ಹೇಳುವುದರಲ್ಲಿ ಸತ್ಯ ಇದೆ.

ಪುಟ್ಟಿ:
ಒಳ್ಳೇದಕ್ಕೂ ಬಳಸಬಹುದು. ಚಿಕ್ಕಂದಿನಿಂದ ನನಗೆ ನೀರಲ್ಲಿ ಮುಳುಗುವ ಕೆಟ್ಟ ಕನಸು. ‘ಇದು ಕನಸು, ಇಲ್ಲಿ ಉಸಿರಾಡಬಹುದು’ ಅಂತ ನೆನಪಾದ ದಿನ ನೀರಿನ ಒಳಗೇ ಉಸಿರಾಡಿದೆ. ಆಮೇಲೆ ಆ ಕನಸು ಎರಡೇ ಸಲ ಬಂದಿದೆ. ಭಯದ ಕನಸಿಗೆ ವೈದ್ಯರೂ ಈ ವಿಧಾನ ಬಳಸುತ್ತಾರೆ ಅಂತ ಆಮೇಲೆ ತಿಳಿಯಿತು.

ಹಿರಿಯ:
ಟಿಬೆಟ್ಟಿನ ಬೌದ್ಧರಲ್ಲಿ ಸ್ವಪ್ನಯೋಗ ಅಂತಲೇ ಸಾಧನೆ ಇದೆ, ನಾರೋಪ ಅನ್ನುವ ಗುರುವಿನ ಆರು ಯೋಗಗಳಲ್ಲಿ ಒಂದು. ಕನಸನ್ನು ಕನಸು ಅಂತ ಗುರುತಿಸುವುದು ಅಲ್ಲಿ ಮೊದಲ ಮೆಟ್ಟಿಲು. ಬೇಕಾದ್ದನ್ನು ಅನುಭವಿಸುವುದು ಗುರಿಯಲ್ಲ, ಎಚ್ಚರದ ಲೋಕದಲ್ಲೂ ನಾವು ಹೀಗೇ ಅಂಟಿಕೊಂಡಿದ್ದೇವೆ ಅಂತ ಕಾಣುವುದು ಗುರಿ. ಸಮೀರಾ ಅವರ ಮಾತನ್ನು ಈ ದಿಕ್ಕಿನಿಂದ ನಾನೂ ಒಪ್ಪುತ್ತೇನೆ.

ಮೌನಿ:
ಅರೆನಿದ್ರೆ, ನಿಮ್ಮ ಮೊದಲ ಪೋಸ್ಟನ್ನು ಮತ್ತೆ ಓದಿದೆ. ಅಪ್ಪನನ್ನು ಕರೆದದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ನೀವು ‘ಹೇಳಿಸಿಕೊಳ್ಳುತ್ತೇನೆ’ ಅಂತ ಬರೆದಿದ್ದೀರಿ, ಅಲ್ಲಿ ನಿಂತೆ. ಕ್ಷಮಿಸುವುದು, ಬಿಡುವುದು ಅಪ್ಪನ ಕೈಯಲ್ಲಿದ್ದ ವಿಷಯ. ಅದನ್ನು ಅವರ ಬಾಯಿಗೆ ನೀವೇ ಇಟ್ಟು ನೀವೇ ಕೇಳಿಸಿಕೊಂಡರೆ, ಅದಕ್ಕೇ ಅಲ್ವಾ ವಾರಕ್ಕೆ ಮೂರು ನಾಲ್ಕು ಸಲ ಬೇಕಾಗುತ್ತಿರುವುದು? ಒಂದು ಸಲ ಸುಮ್ನೆ ಬಾಗಿಲು ತೆಗೆದು ನಿಂತು ನೋಡಿ. ಏನೂ ಬಯಸಬೇಡಿ.

ರಾತ್ರಿಪಾಳಿ:
ಮೌನಿ ಹೇಳಿದ್ದು ನನಗೂ ಸರಿ ಕಾಣುತ್ತದೆ. ಜೊತೆಗೆ ನಿದ್ದೆ ನೋಡಿಕೊಳ್ಳಿ. ಬೆಳಗಿನ ಜಾವ ಅಲಾರಂ ಇಟ್ಟು ಎದ್ದು ಮತ್ತೆ ಮಲಗುವ ವಿಧಾನ ಮಾಡುತ್ತಿದ್ದರೆ ವಾರಕ್ಕೆ ಮೂರು ನಾಲ್ಕು ಸಲ ಜಾಸ್ತಿ ಆಯಿತು. ಇಲ್ಲದ್ದು ಕಾಣುವ, ಕೇಳಿಸುವ ಕಾಯಿಲೆ ಯಾರಿಗಾದರೂ ಹಿಂದೆ ಆಗಿದ್ದರೆ ಇದರ ತಂಟೆಗೇ ಹೋಗಬಾರದು. ಲೂಸಿಡ್ ಡ್ರೀಮ್ ಬರಿಸುವುದಕ್ಕೆ ಮಾತ್ರೆ ಇದೆ ಅಂತ ಕೆಲವರು ಹೇಳುತ್ತಾರೆ, ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಬೆಳಕಿನದಾರಿ:
ಮೌನಿ ಅವರ ಪರೀಕ್ಷೆ ನಾನೂ ಶುರು ಮಾಡಿದ್ದೇನೆ. ತಂಗಿಯ ಕೈಯಲ್ಲಿ ಎಲೆ ಇಡಿಸಿದ್ದೇನೆ. ಎರಡು ಸಲ ಹೊರಗೆ ಬಂದೆ, ಎರಡೂ ಸಲ ಎಲೆಯ ನೆನಪೇ ಆಗಲಿಲ್ಲ. ನನ್ನ ನಂಬಿಕೆ ಹಾಗೇ ಇದೆ. ಆದರೂ ಏನು ಬಂದರೂ ಇಲ್ಲೇ ಬರೆಯುತ್ತೇನೆ, ತಪ್ಪಾದರೂ ಬರೆಯುತ್ತೇನೆ.

ಮೌನಿ:
ಇಷ್ಟು ಹೇಳಿದ್ದೇ ದೊಡ್ಡದು. ಕಾಯುತ್ತೇನೆ.

ಅರೆನಿದ್ರೆ:
ಎಂಟು ದಿನ ಉತ್ತರ ಬರೆಯಲಿಲ್ಲ, ಕ್ಷಮಿಸಿ. ಮೌನಿ ಅವರ ಮಾತು ಓದಿ ಮೊದಲು ಸಿಟ್ಟು ಬಂತು. ಆಮೇಲೆ ಮಾಡಿ ನೋಡಿದೆ.

ಬಾಗಿಲು ತೆಗೆದೆ. ಅಪ್ಪ ಇದ್ದರು. ಏನೂ ಬಯಸದೇ ನಿಂತಿರುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು, ಆ ಮಾತು ನನ್ನ ಗಂಟಲಲ್ಲೇ ಇತ್ತು. ಅವರು ಗಡಿಯಾರಕ್ಕೆ ಕೀ ಕೊಡುತ್ತಲೇ ಇದ್ದರು. ಮುಳ್ಳು ಒಂದು ಸಲ ನೋಡಿದರೆ ಹತ್ತು ಗಂಟೆ, ಇನ್ನೊಂದು ಸಲ ನೋಡಿದರೆ ಮೂರು. ನನ್ನ ಕಡೆ ನೋಡಲಿಲ್ಲ. ಕೋಪ ಇದ್ದ ಹಾಗೂ ಇರಲಿಲ್ಲ. ನಾನೇ ‘ತಪ್ಪಾಯಿತು ಅಪ್ಪ’ ಅಂದೆ. ಆರು ತಿಂಗಳಲ್ಲಿ ಈ ಮಾತನ್ನು ನಾನು ಒಂದು ಸಲವೂ ಹೇಳಿರಲಿಲ್ಲ ಅಂತ ಹೇಳಿದ ಮೇಲೆ ಹೊಳೆಯಿತು. ಅವರು ಏನೂ ಹೇಳಲಿಲ್ಲ, ಕನಸು ಅಲ್ಲಿಗೆ ಮುಗಿಯಿತು.

ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹಿರಿಯ ಅವರು ಬರೆದ ರಥ, ಕುದುರೆಯ ಮಾತನ್ನೂ ಹೇಳಿದೆ. ಅವನು ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ‘ಅಪ್ಪ ಯಾವ ಅಂಗಿ ಹಾಕಿದ್ದರು?’ ಅಂತ ಕೇಳಿದ. ಗಮನಿಸಲಿಲ್ಲ ಅಂದೆ. ಮುಂದಿನ ಸಲ ನೋಡು ಅಂದ.

ರಾತ್ರಿಪಾಳಿ:
ಈಗ ವಾರಕ್ಕೆ ಎಷ್ಟು ಸಲ?

ಅರೆನಿದ್ರೆ:
ಅಲಾರಂ ತೆಗೆದುಬಿಟ್ಟೆ ಸಿಸ್ಟರ್. ತಾನಾಗಿ ಬಂದರೆ ಬರಲಿ.